ಎರಡನೇ ಕೆಂಪು ದಾರ

ಗೇಟು ತೆಗೆದ ಮಿಗ್ದಾಲಿಯಾಳ ಕೈ ಚಿಲಕದ ಮೇಲೇ ನಿಂತುಬಿಟ್ಟಿತು.

ಮಾವಿನ ಮರದ ಕೆಳಗೆ ಅಪ್ಪನ ಮೋಟಾರ್‌ಸೈಕಲ್ಲು! ಹತ್ತೊಂಬತ್ತು ವರ್ಷ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ಚೆಕ್ ದೇಶದ ಆ ಹಳೇ ಗಾಡಿ, ಸೈಡ್‌ಕಾರಿನ ಸಮೇತ ಇವತ್ತು ಅಂಗಳಕ್ಕೆ ಬಂದು ಬಿಸಿಲು ಕಾಯಿಸುತ್ತಿತ್ತು. ಸೀಟು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಅದರ ಮುಂದೆ ಒಬ್ಬ ಗಂಡಸು ಕುಕ್ಕರಗಾಲಿನಲ್ಲಿ ಕೂತಿದ್ದ. ಮುಖ ಆ ಕಡೆಗಿತ್ತು. ಆದರೆ ಕುತ್ತಿಗೆಯ ಹಿಂದೆ ಕಾಫಿಬೀಜದಷ್ಟು ಗಾತ್ರದ ಆ ಮಚ್ಚೆ...

ರಾಮಿರೋ!

ಹೊಲಿಗೆ ಕಾರ್ಖಾನೆಯಿಂದ ನಡೆದು ಬಂದ ಆಯಾಸ ಎತ್ತಲೋ ಹೋಯಿತು. ಈ ಜನ್ಮದಲ್ಲಿ ಇವನ ಮುಖ ನೋಡುವುದಿಲ್ಲ ಅಂದಿದ್ದವಳು, ಇವನು ಯಾವಾಗ ಈ ಕಡೆ ತಿರುಗುತ್ತಾನೋ ಎಂದು ಕಾಯುತ್ತ ನಿಂತಿದ್ದಳು.

ಅವನು ತಿರುಗಿದ. ಕಿವಿಯ ಪಕ್ಕ ಕೂದಲು ನರೆತಿತ್ತು. ಕಣ್ಣು ಮಾತ್ರ ಹಾಗೇ ಇತ್ತು.

"ಚೆನ್ನಾಗಿದ್ದೀಯಾ, ಮಿಗ್ದಾ?"

ಅವಳು ಜಗಲಿಯ ತೂಗುಕುರ್ಚಿಯಲ್ಲಿ ಕೂತಿದ್ದ ಅಪ್ಪನ ಕಡೆ ನೋಡಿ, "ಯಾರು ಕರೆಸಿದ್ದು ಇವನನ್ನ?" ಎಂದಳು.

ಅಪ್ಪ ನೆಮೆಸಿಯೋ ಊರುಗೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದ.

"ನಾನು. ಮುರಿದಿದ್ದು ನನ್ನ ಕಾಲು, ಜಗಳ ಆಡಿದ್ದು ಮಾತ್ರ ನೀನು. ಹತ್ತೊಂಬತ್ತು ವರ್ಷ ಆಡಿದ್ದೀಯ, ಸಾಕಿನ್ನು."

ಭಾನುವಾರ ನೆಮೆಸಿಯೋಗೆ ಎಪ್ಪತ್ತೈದು ತುಂಬುವುದರಲ್ಲಿತ್ತು. ಅವನ ಆಸೆ ಒಂದೇ. ತನ್ನ ಗಾಡಿಯ ಸೈಡ್‌ಕಾರಿನಲ್ಲಿ ಕೂತು ಇನ್ನೊಮ್ಮೆ ಬೊನಿಯಾತೋ ಘಾಟಿ ಹತ್ತಬೇಕು, ಮೇಲೆ ನಿಂತು ಇಡೀ ಸಾಂತಿಯಾಗೋ ಪಟ್ಟಣವನ್ನೂ ಅದರಾಚೆಯ ಕೊಲ್ಲಿಯನ್ನೂ ನೋಡಬೇಕು. ಕನೇಯ್ ಊರಿನಲ್ಲಿ ಮೆಕ್ಯಾನಿಕ್‌ಗಳಿಗೇನು ಬರವೇ? ಮಾವಿನ ಹಣ್ಣಿನಷ್ಟೇ ಧಾರಾಳವಾಗಿದ್ದಾರೆ. ಆದರೆ ಮುದುಕನ ಹಟ ಮುದುಕನದು. ವೈರು ಕಟ್ಟಿದವನೇ ಬಂದು ಬಿಚ್ಚಬೇಕು ಅಂದಿದ್ದ. ಮಗಳಿಗೆ ಗೊತ್ತಾಗದ ಹಾಗೆ ಪಕ್ಕದ ಮನೆಯ ಫೋನಿನಿಂದ, ರಾಮಿರೋ ಈಗಿರುವ ದೂರದ ಬಾರಾಕೋವಾ ಊರಿಗೆ ಸುದ್ದಿ ಕಳಿಸಿದ್ದ.

ರಾಮಿರೋ ಹಿಂದಿನ ಬೀದಿಯ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡಿದ್ದ. ಭಾನುವಾರ ಮಧ್ಯಾಹ್ನ, ಜನರನ್ನು ಹತ್ತಿಸಿಕೊಂಡು ಹೋಗುವ ಲಾರಿಗೆ ವಾಪಸು ಹೋಗುತ್ತಾನಂತೆ.

'ಮೂರು ದಿನ,' ಎಂದುಕೊಂಡಳು ಮಿಗ್ದಾಲಿಯಾ. 'ಮೂರು ದಿನ ಹಲ್ಲು ಕಚ್ಚಿ ಕಳೆದರಾಯಿತು.'

ಒಳಗೆ ಹೋಗಿ ಕಾಫಿ ಸೋಸಿದಳು. ಮೂರು ಪುಟ್ಟ ಲೋಟಕ್ಕೆ ಬಗ್ಗಿಸಿದ ಮೇಲೆ ನೋಡಿದರೆ, ಒಂದಕ್ಕೆ ಸಕ್ಕರೆ ಹಾಕಿರಲಿಲ್ಲ. ರಾಮಿರೋ ಸಕ್ಕರೆಯಿಲ್ಲದೆ ಕುಡಿಯುವವನು. ಕೈಗೆ ಅದು ನೆನಪಿತ್ತು! ತನ್ನ ಕೈಯ ಮೇಲೇ ಅವಳಿಗೆ ಸಿಟ್ಟು ಬಂತು.

*

ಅವಳಿಗೆ ಇಪ್ಪತ್ತೆರಡು, ಅವನಿಗೆ ಇಪ್ಪತ್ತೈದಾಗಿದ್ದ ಕಾಲ ಅದು. ದೇಶದಲ್ಲಿ ಸೋಪಿಗೂ ಬರ, ಪೆಟ್ರೋಲಿಗೂ ಬರ. ಕರೆಂಟು ನೆಂಟರ ಹಾಗೆ ಬಂದು ಹೋಗುತ್ತಿತ್ತು. ಗಾಡಿಯ ಹಳೇ ವೈರುಗಳೆಲ್ಲ ಪುಡಿಪುಡಿಯಾದಾಗ ಹೊಸದು ಎಲ್ಲಿಂದ ತರುವುದು? ರಾಮಿರೋ ಎಲ್ಲಿಂದಲೋ ಟೆಲಿಫೋನ್ ಕೇಬಲ್ಲಿನ ತುಂಡು ತಂದ. ಒಳಗೆ ಹತ್ತು ಸಣ್ಣ ವೈರು, ಹತ್ತೂ ಬಿಳಿ.

ಗಾಡಿಯ ವೈರು ಅಂದರೆ ಬಣ್ಣ ಬೇಕು. ಹಾರನ್ನಿಗೆ ಒಂದು, ಬ್ರೇಕ್ ಲೈಟಿಗೆ ಒಂದು, ಹೆಡ್‌ಲೈಟಿಗೆ ಒಂದು. ಹತ್ತೂ ಬಿಳಿಯಾದರೆ ಯಾವುದು ಎಲ್ಲಿಗೆ ಹೋಗುತ್ತದೆಂದು ದೇವರೇ ಹೇಳಬೇಕು.

ಉಪಾಯ ಹೇಳಿದ್ದು ಮಿಗ್ದಾಲಿಯಾ. ತೀರಿಹೋದ ಅಮ್ಮನ ಕಸೂತಿ ಡಬ್ಬಿಯಿಂದ ಬಣ್ಣದ ದಾರಗಳನ್ನು ತಂದಳು. ಇದೇ ಮಾವಿನ ಮರದ ಕೆಳಗೆ ಉದ್ದನೆಯ ಮೇಜಿನ ಮೇಲೆ ವೈರಿನ ಕಟ್ಟನ್ನು ಮಲಗಿಸಿದರು. ಸೀಟಿನ ಕಡೆಯ ತುದಿಯಲ್ಲಿ ಅವನು, ಹೆಡ್‌ಲೈಟಿನ ಕಡೆಯ ತುದಿಯಲ್ಲಿ ಅವಳು. ಅವನು ಒಂದು ವೈರಿಗೆ ದಾರ ಕಟ್ಟಿ ಮೆಲ್ಲಗೆ ಎಳೆಯುತ್ತಿದ್ದ. ಅವಳ ತುದಿಯಲ್ಲಿ ಯಾವುದು ಅಲ್ಲಾಡಿತೋ ಅದಕ್ಕೆ ಅವಳು ಅದೇ ಬಣ್ಣದ ದಾರ ಕಟ್ಟುತ್ತಿದ್ದಳು.

"ಹಸಿರು?"

"ಹಸಿರು."

"ಕೆಂಪು?"

"ಕೆಂಪು."

ಕೆಂಪು ಮಾತ್ರ ಎರಡು. ಬ್ಯಾಟರಿಯಿಂದ ಇಡೀ ಗಾಡಿಯ ಕರೆಂಟು ಹೊತ್ತು ತರುವ ದಾರಿ ಅದು. ಟೆಲಿಫೋನ್ ವೈರು ತೀರ ಸಣ್ಣದಾದ್ದರಿಂದ ಎರಡನ್ನು ಜೋಡಿಯಾಗಿ ಹಾಕಬೇಕು, ಒಂಟಿ ವೈರಿಗೆ ಅಷ್ಟು ಭಾರ ತಡೆಯುವುದಿಲ್ಲ ಎಂದು ರಾಮಿರೋ ವಿವರಿಸಿದ್ದ. ದಾರ ಕಟ್ಟಿ ಮುಗಿದ ಮೇಲೆ ಅವಳು ಅಮ್ಮನ ನೀಲಿ ಪಟ್ಟೆಯ ಏಪ್ರನ್ ಕತ್ತರಿಸಿ ಇಡೀ ಕಟ್ಟಿಗೆ ಚೀಲ ಹೊಲಿದು ಮುಚ್ಚಿದ್ದಳು.

ಆರು ವಾರ ಗಾಡಿ ಚೆನ್ನಾಗಿ ಓಡಿತು. ಮದುವೆಯ ಮಾತೂ ಆಗಿತ್ತು. ರಾಮಿರೋ ಆಗಲೇ ನೆಮೆಸಿಯೋನನ್ನು ಮಾವ ಎಂದು ಕರೆಯತೊಡಗಿದ್ದ.

ಒಂದು ಮುಸ್ಸಂಜೆ ನೆಮೆಸಿಯೋ ಹೆಡ್‌ಲೈಟು ಹಾಕಿಕೊಂಡು ಬೊನಿಯಾತೋ ಘಾಟಿ ಇಳಿಯುತ್ತಿದ್ದ. ಸೀಟಿನ ಕೆಳಗಿಂದ ಸುಟ್ಟ ವಾಸನೆ ಬಂತು. ತಿರುವಿನಲ್ಲಿ ಲೈಟು ಫಕ್ಕನೆ ಆರಿತು. ಗಾಡಿ ಚರಂಡಿಗೆ ಇಳಿಯಿತು, ಕಾಲು ಮೂರು ಕಡೆ ಮುರಿಯಿತು. ಬ್ಯಾಟರಿಯ ಕನೆಕ್ಟರು ಕರಗಿ ಮೇಣದ ಮುದ್ದೆಯಂತಾಗಿತ್ತು.

ಆಸ್ಪತ್ರೆಯ ಪಡಸಾಲೆಯಲ್ಲಿ, ಅಷ್ಟೂ ಜನರ ಮುಂದೆ, ಮಿಗ್ದಾಲಿಯಾ ಅವನಿಗೆ ಹೇಳಿದ್ದಳು:

"ನಿನ್ನ ಕೈಯ ಕೆಲಸ ನಮ್ಮಪ್ಪನ ಕಾಲು ತಿಂತು. ಹೋಗು. ಇನ್ಯಾವತ್ತೂ ನಮ್ಮ ಗೇಟು ತೆಗೀಬೇಡ."

ಏನೋ ಹೇಳಲೆಂದು ಬಂದಿದ್ದ ರಾಮಿರೋ ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ. ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದೇ? ಆರು ತಿಂಗಳಲ್ಲೇ ಅವಳ ಸಿಟ್ಟು ಇಳಿದಿತ್ತು. ಆದರೆ ಆಡಿದ ಮಾತು ಊರೆಲ್ಲ ಕೇಳಿತ್ತು, ಅವನು ಬಾರಾಕೋವಾ ಸೇರಿದ್ದ. ಅಲ್ಲಿ ಅವನಿಗೊಂದು ಮದುವೆಯಾಗಿ ನಾಲ್ಕು ವರ್ಷದಲ್ಲಿ ಮುರಿಯಿತೆಂದು ಕೇಳಿದ್ದಳು. ಅವಳನ್ನೂ ಒಬ್ಬ ಬೇಕರಿಯವನು ಕೇಳಿಕೊಂಡು ಬಂದಿದ್ದ. ಒಳ್ಳೆಯವನೇ. ಅವನ ಬ್ರೆಡ್ಡೂ ಚೆನ್ನಾಗಿತ್ತು. ಆದರೂ ಅವಳು ಬೇಡವೆಂದಿದ್ದಳು.

*

ಶುಕ್ರವಾರ ರಾಮಿರೋ ಹಳೇ ವೈರಿನ ಕಟ್ಟನ್ನು ಹಾವಿನ ಪೊರೆ ಬಿಡಿಸಿದಂತೆ ಗಾಡಿಯಿಂದ ಬಿಡಿಸಿದ. ಬಿಡಿಸಿದವನೇ ಕರಗಿದ ಕನೆಕ್ಟರಿನ ಸಮೇತ ಅದನ್ನು ಗೋಣಿಚೀಲಕ್ಕೆ ತುರುಕಿ ಬಾಯಿ ಕಟ್ಟಿದ. ತಾಮ್ರ ಸಿಗುತ್ತೆ, ಊರಿಗೆ ಒಯ್ಯುತ್ತೇನೆ ಅಂದ.

ಹೊಸ ಕನೆಕ್ಟರುಗಳನ್ನು ಕೆಟ್ಟುಹೋದ ಯಾವುದೋ ಬಟ್ಟೆ ಒಗೆಯುವ ಮೆಷಿನ್ನಿನಿಂದ ಕಿತ್ತು ತಂದಿದ್ದ. ಒಂದೊಂದರ ಹಿತ್ತಾಳೆ ಹಲ್ಲನ್ನೂ ನಿಂಬೆಹುಳಿ ಹಾಕಿ ಹಳೇ ಟೂತ್‌ಬ್ರಶ್ಶಿನಿಂದ ತಿಕ್ಕಿ ಹೊಳೆಸಿದ. ಕೊಳೆ ಕೂತಲ್ಲಿ ಕರೆಂಟು ತಡವರಿಸುತ್ತದೆ, ತಡವರಿಸಿದಲ್ಲಿ ಬಿಸಿ, ಬಿಸಿಯಾದಲ್ಲಿ ಕರಗುತ್ತದೆ. ಇದನ್ನೆಲ್ಲ ಅವನು ನೆಮೆಸಿಯೋಗೆ ಹೇಳುತ್ತಿದ್ದ. ಆದರೆ ದನಿ ಅಡುಗೆಮನೆಯ ಕಿಟಕಿಗೆ ಕೇಳಿಸುವಷ್ಟು ದೊಡ್ಡದಾಗಿತ್ತು.

"ಯಜಮಾನ್ರೇ, ಆ ಪಕ್ಕಡ ಕೊಡಿ."

"ಯಾವನೋ ಯಜಮಾನ? ಮಾವ ಅಂತಿದ್ದೆ ಮೊದಲು."

ರಾಮಿರೋ ಪಕ್ಕಡವನ್ನು ತಾನೇ ಎತ್ತಿಕೊಂಡ. ಒಳಗೆ ಬಾಳೆಕಾಯಿ ಕರಿಯುತ್ತಿದ್ದ ಮಿಗ್ದಾಲಿಯಾ ಎಣ್ಣೆಯ ಸದ್ದು ಕಡಿಮೆಯಾಗಲೆಂದು ಒಲೆ ಸಣ್ಣ ಮಾಡಿ ಕಾದಳು. ಅವನು ಏನಾದರೂ ಹೇಳಬಹುದೇ... ಹೇಳಲಿಲ್ಲ.

ಈ ಸಲವೂ ಅವನು ತಂದ ವೈರು ಬಿಳಿಯೇ. ದಪ್ಪ ಮೊದಲಿಗಿಂತ ಸ್ವಲ್ಪ ಮೇಲು, ಆದರೂ ಮುಖ್ಯ ದಾರಿಗೆ ಎರಡೇ ಹಾಕಬೇಕು. ಬಣ್ಣದ್ದು ಹುಡುಕಲಿಲ್ಲವೇ ಎಂದು ನೆಮೆಸಿಯೋ ಕೇಳಿದ್ದಕ್ಕೆ, ಸಿಕ್ಕಿದ್ದು ಇದೇ ಅಂದ. ನಿಜವೋ ಸುಳ್ಳೋ ಅವನಿಗೇ ಗೊತ್ತು.

*

ಶನಿವಾರ ಮಧ್ಯಾಹ್ನ ರಾಮಿರೋ ಊಟಕ್ಕೆಂದು ಚಿಕ್ಕಮ್ಮನ ಮನೆಗೆ ಹೋದ. ನೆಮೆಸಿಯೋ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ.

ಹೊಸ ವೈರಿಗೂ ಬಟ್ಟೆಯ ಚೀಲ ಹೊಲಿಯಬೇಕಿತ್ತು. ಅಪ್ಪನಿಗಾಗಿ ಹೊಲಿಯುತ್ತಿದ್ದೇನೆ, ಇನ್ಯಾರಿಗೂ ಅಲ್ಲ ಎಂದು ಮಿಗ್ದಾಲಿಯಾ ಬೆಳಗಿನಿಂದ ನಾಲ್ಕು ಸಲ ಮನಸ್ಸಿಗೆ ಹೇಳಿಕೊಂಡಿದ್ದಳು. ಅಳತೆಗೆ ಹಳೆಯದು ಬೇಕಲ್ಲ... ಗೋಣಿಚೀಲದ ಬಾಯಿ ಬಿಚ್ಚಿದಳು.

ಅಮ್ಮನ ಏಪ್ರನ್ನಿನ ನೀಲಿ ಪಟ್ಟೆ ಎಣ್ಣೆ ಕುಡಿದು ಕಪ್ಪಾಗಿತ್ತು. ಹೊಲಿಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ. ಅವಳ ಕಣ್ಣು ಮಂಜಾಯಿತು. ಬಟ್ಟೆಯನ್ನಾದರೂ ಉಳಿಸಿಕೊಳ್ಳೋಣವೆಂದು ಬ್ಲೇಡು ತಂದು ತನ್ನದೇ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು.

ಒಳಗೆ ಹತ್ತು ಬಿಳಿ ವೈರು. ಸೀಟಿನ ಕಡೆಯ ತುದಿಯಲ್ಲಿ ಕರಗಿದ ಕನೆಕ್ಟರು, ಅದರೊಳಗಿಂದ ಹೊರಟ ಎರಡು ವೈರಿಗೆ ಕೆಂಪು ದಾರ. ರಾಮಿರೋನ ಗಂಟು, ಒರಟು ಒರಟು. ಬೆರಳು ಸುಮ್ಮನೆ ಒಂದು ವೈರಿನ ಜೊತೆ ಸಾಗಿತು. ಇನ್ನೊಂದು ತುದಿ ಮುಟ್ಟಿದಾಗ ಅಲ್ಲೂ ಕೆಂಪು ದಾರ. ಅವಳದೇ ಎಡಗೈ ಗಂಟು, ಮೂರು ಸುತ್ತು, ಹಲ್ಲಿನಲ್ಲಿ ಕಡಿದ ತುದಿ. ಇಡೀ ಕನೇಯ್‌ನಲ್ಲಿ ಹಾಗೆ ಗಂಟು ಹಾಕುವವರು ಇನ್ನೊಬ್ಬರಿಲ್ಲ.

ಎರಡನೇ ಕೆಂಪು ವೈರನ್ನು ಹಿಡಿದು ಹೊರಟಳು. ತುದಿ ಬಂತು.

ದಾರ ಇರಲಿಲ್ಲ.

ಉದುರಿರಬಹುದು ಎಂದುಕೊಂಡಳು. ಆದರೆ ಉದುರಿರಲಿಲ್ಲ. ಪಕ್ಕದ ವೈರಿನಲ್ಲಿ ಆ ಎರಡನೇ ಕೆಂಪು ದಾರ ಭದ್ರವಾಗಿ ಕೂತಿತ್ತು. ಅದನ್ನು ಹಿಡಿದು ಹಿಂದಕ್ಕೆ ಬಂದರೆ, ಆ ವೈರು ಯಾವುದಕ್ಕೂ ಸೇರದ, ಹೆಚ್ಚಿಗೆ ಬಿಟ್ಟಿದ್ದ ಖಾಲಿ ವೈರು!

ಮಿಗ್ದಾಲಿಯಾ ಮೇಜು ಹಿಡಿದು ಕೂತಳು. ಜೋಡಿಯೇ ಆಗಿರಲಿಲ್ಲ. ಜೋಡೆತ್ತು ಎಳೆಯಬೇಕಾದ ಬಂಡಿಯನ್ನು ಆರು ವಾರ ಒಂದೇ ಎತ್ತು ಎಳೆದಿತ್ತು. ಘಾಟಿಯ ಇಳಿಜಾರಿನಲ್ಲಿ ಹೆಡ್‌ಲೈಟು ಹಾಕಿದಾಗ ಅದರ ಉಸಿರು ನಿಂತಿತ್ತು.

ತಪ್ಪಿ ಕಟ್ಟಿದ್ದು ಅವನಲ್ಲ. ಅವಳು.

'ನಿನ್ನ ಕೈಯ ಕೆಲಸ ನಮ್ಮಪ್ಪನ ಕಾಲು ತಿಂತು...'

ಅಯ್ಯೋ ದೇವರೇ! ಆಸ್ಪತ್ರೆಯಲ್ಲಿ ಅವನು ಹೇಳಲು ಬಂದದ್ದು ಇದನ್ನೇ? ಗೊತ್ತಿತ್ತೇ ಅವನಿಗೆ? ಗೊತ್ತಿದ್ದೂ ಅಷ್ಟು ಜನರೆದುರು ತಲೆ ತಗ್ಗಿಸಿ ಹೋದನೇ?

ಗೇಟಿನ ಸದ್ದಾಯಿತು. ರಾಮಿರೋ ಒಳಗೆ ಬಂದವನು ಮೇಜಿನ ಮೇಲೆ ಬಿಚ್ಚಿ ಹರಡಿದ್ದ ವೈರು ನೋಡಿ ಅಲ್ಲೇ ನಿಂತ. ಅವನ ಮುಖವೇ ಉತ್ತರ ಹೇಳಿತು.

"ಯಾವಾಗ ಗೊತ್ತಾಯ್ತು ನಿಂಗೆ?" ಎಂದಳು.

"ಮಾರನೇ ದಿನಾನೇ. ಗಾಡಿ ಇಲ್ಲಿಗೆ ತಳ್ಕೊಂಡು ಬಂದು, ಚೀಲ ಬಿಚ್ಚದೇನೇ ಒಂದೊಂದು ವೈರೂ ಎಳೆದು ನೋಡ್ದೆ. ಆಮೇಲೇ ಆಸ್ಪತ್ರೆಗೆ ಬಂದಿದ್ದು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಎರಡು ದಿನದಿಂದ ಅನ್ನ ತಿಂದಿರಲಿಲ್ಲ, ಮಿಗ್ದಾ. ಅಪ್ಪನ ಕಾಲು ನನ್ನಿಂದ ಹೋಯ್ತು ಅಂತ ನೀನು ಜೀವನ ಪೂರ್ತಿ ಕೊರಗೋದಕ್ಕಿಂತ, ರಾಮಿರೋನಿಂದ ಹೋಯ್ತು ಅಂತ ಬೈಕೊಂಡು ನೆಮ್ಮದಿಯಾಗಿರಲಿ ಅಂದ್ಕೊಂಡೆ."

"ನೆಮ್ಮದಿ!" ಅವಳಿಗೆ ಅಳುವಿನ ಮಧ್ಯೆಯೇ ನಗು ಬಂತು. "ಹತ್ತೊಂಬತ್ತು ವರ್ಷ ನೆಮ್ಮದಿಯಾಗಿದ್ದೆ ಅಂದ್ಕೊಂಡ್ಯಾ?"

ಅವನು ಬಂದು ಮೇಜಿನ ಆ ತುದಿಯಲ್ಲಿ ಕೂತ. ಹಿಂದೆ ಕೂರುತ್ತಿದ್ದ ಜಾಗವೇ. ಕರಗಿದ ಕನೆಕ್ಟರನ್ನು ಎತ್ತಿ ಕೈಯಲ್ಲಿ ತಿರುಗಿಸಿದ.

ಆಮೇಲೆ ಹೇಳಿದ, ತಪ್ಪು ಅವಳೊಬ್ಬಳದಲ್ಲ ಎಂದು. ಕಟ್ಟಿದ ಮೇಲೆ ಪ್ರತಿ ವೈರಿಗೂ ಬಲ್ಬು ಹಚ್ಚಿ ನೋಡಬೇಕಾದವನು ಅವನು. ಊರಿಡೀ ಒಂದು ಬಲ್ಬು ಸಿಗದ ಕಾಲವೇನೋ ನಿಜ, ಹುಡುಕಿದ್ದರೆ ಸಿಗುತ್ತಿತ್ತು. ಹುಡುಕಲಿಲ್ಲ. ಅವಳ ಗಂಟಿನ ಮೇಲೆ ಅಷ್ಟು ನಂಬಿಕೆ.

"ಇನ್ನೊಂದು ಇದೆ," ಎಂದು ಕಣ್ಣು ಕೆಳಗೆ ಹಾಕಿದ. "ಎರಡನೇ ಕೆಂಪು ವೈರು ಎಳೆದು ತೋರಿಸಿದೆನಲ್ಲ... ನೀನು ದಾರ ತಗೊಳ್ಳೋಕೆ ಮುಂಚೆ ಏನಾಯ್ತು, ನೆನಪಿದೆಯಾ?"

ನೆನಪಿತ್ತು. ಅಪ್ಪ ಕಾಫಿಗೆಂದು ಒಳಗೆ ಹೋಗಿದ್ದ. ರಾಮಿರೋ ತನ್ನ ತುದಿ ಬಿಟ್ಟು, ಮೇಜು ಬಳಸಿ ಬಂದು, ಮೊದಲ ಸಲ ಅವಳಿಗೆ ಮುತ್ತು ಕೊಟ್ಟಿದ್ದ. ಹಣ್ಣು ತಿಂದ ಬಾಯಿ, ಮಾವಿನ ಪರಿಮಳ. ಅವನು ಏನೂ ಆಗದವನಂತೆ ವಾಪಸು ಹೋಗಿ ಕೂತು, "ಕೆಂಪು?" ಅಂದಿದ್ದ. ಅವಳು ಕಣ್ಣಿಗೆ ಕಂಡ ವೈರಿಗೆ ದಾರ ಸುತ್ತಿ "ಕೆಂಪು" ಅಂದಿದ್ದಳು. ಆಗ ಅವಳ ಕಣ್ಣಿಗೆ ಏನು ಕಂಡಿತ್ತೋ!

ಮುಖ ಬಿಸಿಯಾಯಿತು. ನಲವತ್ತೊಂದು ವರ್ಷದ ಹೆಂಗಸು ಹುಡುಗಿಯ ಹಾಗೆ ಕೆಂಪಾದಳು.

"ಆ ತಪ್ಪು ಯಾರ ಲೆಕ್ಕಕ್ಕೆ ಹಾಕ್ತೀಯ?" ಎಂದ ರಾಮಿರೋ.

ಅವಳು ಜಗಲಿಗೆ ಹೋದಳು. ಎದ್ದು ಕೂತಿದ್ದ ಅಪ್ಪನ ಮುಂದೆ ಮೊಣಕಾಲೂರಿ, ಆ ವಕ್ರ ಕಾಲಿನ ಮೇಲೆ ಕೈಯಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಮುತ್ತಿನ ವಿಷಯವೊಂದು ಬಿಟ್ಟು. ಅಪ್ಪ ಬಹಳ ಹೊತ್ತು ಅವಳ ತಲೆ ಸವರಿದ.

"ಕಾಲು ಯಾವತ್ತೋ ಕೂಡ್ಕೊಂಡಿದೆ ಮಗಳೇ. ಸೊಟ್ಟಗೆ ಕೂಡ್ಕೊಂಡಿದೆ, ಆದ್ರೂ ಕೂಡ್ಕೊಂಡಿದೆ. ನೀನಿನ್ನೂ ಕೂಡ್ಕೊಂಡಿಲ್ಲ ನೋಡು."

*

ಭಾನುವಾರ ಬೆಳಗ್ಗೆ ಏಳಕ್ಕೇ ನೆಮೆಸಿಯೋ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಹುಲ್ಲಿನ ಟೋಪಿ ಇಟ್ಟು, ಸೈಡ್‌ಕಾರಿನಲ್ಲಿ ಹತ್ತಿ ಕೂತಿದ್ದ. ವೈರಿನ ಕಟ್ಟು ಇನ್ನೂ ಮೇಜಿನ ಮೇಲೇ ಇದೆ ಎಂದರೆ, ತನಗೇನೂ ಅವಸರವಿಲ್ಲ ಅಂದ. ಹಾಗೆನ್ನುತ್ತ ಐದು ನಿಮಿಷಕ್ಕೊಮ್ಮೆ ಊರುಗೋಲಿನಿಂದ ಸೈಡ್‌ಕಾರಿನ ತಗಡು ಬಡಿಯುತ್ತಿದ್ದ.

ರಾಮಿರೋನ ಕೈಚೀಲ ಗೇಟಿನ ಪಕ್ಕ ಸಿದ್ಧವಾಗಿತ್ತು. ಲಾರಿ ಮೂರಕ್ಕೆ.

ಮಿಗ್ದಾಲಿಯಾಳ ಕಣ್ಣು ಪದೇ ಪದೇ ಆ ಚೀಲದ ಮೇಲೆ ಹೋಗುತ್ತಿತ್ತು. ರಾತ್ರಿಯಿಡೀ ನಿದ್ದೆಯಿರಲಿಲ್ಲ. ಕ್ಷಮಿಸು ಅಂದಿದ್ದಳು, ಅವನು ಕ್ಷಮಿಸಿದ್ದ. ಆದರೆ ಕ್ಷಮಿಸಿದವರು ಊರು ಬಿಟ್ಟು ಹೋಗಬಾರದೆಂದೇನೂ ಇಲ್ಲವಲ್ಲ. ಅವನಾಗಿ ಉಳಿಯುತ್ತೇನೆ ಅನ್ನುವವನಲ್ಲ. ಈ ಗೇಟು ತೆಗೆಯಬೇಡ ಎಂದು ಅವಳೇ ಅಂದಿದ್ದಳು, ಅವಳಪ್ಪ ಕರೆದದ್ದಕ್ಕೆ ಮೂರು ದಿನದ ಮಟ್ಟಿಗೆ ಬಂದಿದ್ದ.

'ಹೋಗು ಅಂದವಳು ನಾನು. ಇರು ಅನ್ನಬೇಕಾದವಳೂ ನಾನೇ.'

ಅಮ್ಮನ ಡಬ್ಬಿ ತೆಗೆದಳು. ಕೆಂಪು ದಾರದ ಉಂಡೆ ಇನ್ನೂ ಇತ್ತು, ಬಣ್ಣ ಸ್ವಲ್ಪ ಮಾಸಿತ್ತು.

ಅವನು ಆ ತುದಿ, ಅವಳು ಈ ತುದಿ. ಮೇಲೆ ಮಾವಿನ ಎಲೆಗಳ ನಡುವೆ ಅದೇ ಬಿಸಿಲು.

"ಹಳದಿ?"

"ಹಳದಿ."

"ಹಸಿರು?"

"ಹಸಿರು."

ಒಂದೊಂದು ಗಂಟು ಬಿದ್ದ ಮೇಲೂ ಬ್ಯಾಟರಿಯ ಒಂದು ತಂತಿ ಅವನ ತುದಿಗೆ, ಪುಟ್ಟ ಬಲ್ಬು ಅವಳ ತುದಿಗೆ. ಪ್ರತಿ ಸಲ ಬಲ್ಬು ಹತ್ತಿದಾಗಲೂ ನೆಮೆಸಿಯೋ ಮಗುವಿನಂತೆ ತಲೆ ಆಡಿಸುತ್ತಿದ್ದ.

"ಕೆಂಪು?"

"ಕೆಂಪು."

ಬಲ್ಬು ಹತ್ತಿತು. ಈಗ ಎರಡನೆಯದು. ಅವಳ ಮುಂದಿನ ಬಿಳಿ ವೈರುಗಳಲ್ಲಿ ಒಂದು ಮೆಲ್ಲಗೆ ಅಲ್ಲಾಡಿತು.

"ಕೆಂಪು?" ಎಂದ ರಾಮಿರೋ.

ಅವಳು ಆ ವೈರನ್ನು ಬಿಗಿಯಾಗಿ ಹಿಡಿದುಕೊಂಡಳು. ದಾರ ಕಟ್ಟಲಿಲ್ಲ.

"ಇರ್ತೀಯಾ?"

ಕೈಯೊಳಗಿನ ವೈರು ಅಲ್ಲಾಡುವುದು ನಿಂತಿತು. ಊರುಗೋಲಿನ ಬಡಿತವೂ ನಿಂತಿತು. ಮರದಿಂದ ಹಣ್ಣೊಂದು ಧೊಪ್ಪೆಂದು ಬಿತ್ತು, ಯಾರೂ ತಿರುಗಿ ನೋಡಲಿಲ್ಲ.

"ಎಷ್ಟು ದಿನಕ್ಕೆ?" ಎಂದ.

"ಲಾರಿ ಹೋಗೋವರೆಗೆ. ನಾಳೆ ಲಾರಿ, ನಾಳಿದ್ದಿನ ಲಾರಿ... ಎಲ್ಲ ಲಾರಿನೂ ಹೋಗೋವರೆಗೆ."

ಆಗ ಕೈಯಲ್ಲಿನ ವೈರನ್ನು ಆ ತುದಿಯಿಂದ ಯಾರೋ ಮೆಲ್ಲಗೆ ಎಳೆದರು. ಒಮ್ಮೆ. ಇನ್ನೊಮ್ಮೆ.

"ಕಟ್ಟು ಮತ್ತೆ," ಎಂದ ರಾಮಿರೋ. "ಈ ಸಲ ಬಿಚ್ಚಿಹೋಗದ ಹಾಗೆ."

ಮೂರು ಸುತ್ತು ಸುತ್ತಿ, ಬಿಗಿದು, ಹಲ್ಲಿನಲ್ಲಿ ತುದಿ ಕಡಿದಳು. ತಲೆಯೆತ್ತಿದಾಗ ಅವನು ತನ್ನ ತುದಿ ಬಿಟ್ಟು, ಮೇಜು ಬಳಸಿ ಬರುತ್ತಿದ್ದ.

ಸೈಡ್‌ಕಾರಿನಿಂದ ಕೆಮ್ಮು ಕೇಳಿಸಿತು.

"ಮೊದಲು ಬಲ್ಬು ಹಚ್ಚಿ ನೋಡ್ರೋ. ಆಮೇಲೆ ಮುದ್ದು ಮಾಡ್ಕೊಳ್ಳಿ. ಹೋದ ಸಲ ಕಾಫಿ ಕುಡೀತಾ ಕಿಟಕಿಯಿಂದ ನೋಡಿ ಸುಮ್ಮನಿದ್ದೆ, ಅದಕ್ಕೇ ಒಂದು ಕಾಲು ಹೋಯ್ತು. ಇನ್ನೊಂದಾದ್ರೂ ಉಳೀಲಿ."

ಮಿಗ್ದಾಲಿಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ರಾಮಿರೋ ನಕ್ಕ. ಹತ್ತೊಂಬತ್ತು ವರ್ಷದ ಹಿಂದಿನ ಅದೇ ನಗು.

"ಆಗಲಿ ಮಾವ," ಎಂದು ಹಿಂದಿರುಗಿ ತನ್ನ ತುದಿ ಹಿಡಿದ. ನೆಮೆಸಿಯೋ ಟೋಪಿಯನ್ನು ಕಣ್ಣು ಮುಚ್ಚುವಂತೆ ಎಳೆದುಕೊಂಡ.

ತಂತಿ ಮುಟ್ಟಿಸಿ ರಾಮಿರೋ ಅವಳ ಕಡೆ ನೋಡಿದ.

"ಹತ್ತಿತಾ, ಮಿಗ್ದಾ?"

ಅವಳ ಬೆರಳುಗಳ ನಡುವೆ ಪುಟ್ಟ ಬಲ್ಬು ಬೆಳಗುತ್ತಿತ್ತು.

"ಹತ್ತಿದೆ," ಎಂದಳು. "ಇನ್ನು ಬಾ."